ಥಿನ್ನರ್ ಹಚ್ಚಿದ ಕಿಟಕಿ

ವಿಮಾನವೆಂದರೆ ಎಷ್ಟು ದೊಡ್ಡದಿರುತ್ತದೋ ಎಂದು ಹೆದರಿಕೊಂಡೇ ಹೋಗಿದ್ದಳು ಶಿವದೇವಿ. ನೋಡಿದರೆ ಇದು ನಾಲ್ಕು ಸೀಟಿನ ಪುಟಾಣಿ, ಒಳಗೆ ಆಟೊರಿಕ್ಷಾದಷ್ಟೂ ಜಾಗವಿಲ್ಲ! ಇರುವುದು ಒಂದೇ ಬಾಗಿಲು, ಅದೂ ಬಲಗಡೆ. ಎಡಗಡೆ ಕೂತವರು ಇಳಿಯಬೇಕೆಂದರೆ ಬಲಗಡೆಯವರು ಮೊದಲು ಇಳಿಯಬೇಕು. ಹೈದರಾಬಾದಿನ ಹೊರಗೆ ವಿಮಾನ ನಿಲ್ಲಿಸುವ ಆ ಹ್ಯಾಂಗರಿನಲ್ಲಿ, ಏಪ್ರಿಲ್ಲಿನ ಸೆಖೆಯಲ್ಲಿ, ಐವತ್ತೆರಡು ವರ್ಷದ ಮಂಡಿಗಳನ್ನು ಹೇಗೋ ಮಡಿಸಿಕೊಂಡು ಅವಳು ಎಡಗಡೆಯ ಸೀಟಿನಲ್ಲಿ ಕೂತಿದ್ದಳು.

ಬಂದದ್ದು ಕಾಕ್‌ಪಿಟ್ಟಿನ ಫೋಟೊ ತೆಗೆಯಲು. ಅಬಿಡ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ಸ್ಟುಡಿಯೊ ನಡೆಸಿದವಳು. ಪಟಾನ್‌ಚೆರುವಿನ ಕಾರ್ಖಾನೆಗಳ ಮಾತ್ರೆ ಡಬ್ಬಿಗಳನ್ನೂ ಮದುಮಕ್ಕಳಷ್ಟೇ ಚೆಂದ ಕಾಣಿಸಿದವಳು. ಈ ಕೆಲಸ ಕೊಡಿಸಿದವನು ಚಿಕ್ಕಮ್ಮನ ಮಗ ವೈಜನಾಥ. ಬೀದರಿನಿಂದ ಬಂದು ಹದಿನೆಂಟು ವರ್ಷದಿಂದ ಈ ತರಬೇತಿ ಶಾಲೆಯ ವಿಮಾನಗಳನ್ನು ತೊಳೆದು ಒರೆಸುತ್ತಿದ್ದ. ಹೊರಗಿನವರು ಒಳಗಿದ್ದಷ್ಟು ಹೊತ್ತೂ ಪಕ್ಕದಲ್ಲೇ ನಿಂತಿರುತ್ತೇನೆ ಎಂದು ಇವತ್ತು ರಿಜಿಸ್ಟರಿನಲ್ಲಿ ಸಹಿಯನ್ನೂ ಹಾಕಿದ್ದ.

ಆದರೆ ಬೆಳಕು ನಮ್ಮ ಮಾತು ಕೇಳಬೇಕಲ್ಲ! ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಮೀಟರುಗಳು ಕಾಣುವಂತೆ ತೆಗೆದರೆ ಮುಂದಿನ ಕಿಟಕಿ ಬರೀ ಬಿಳಿ. ಕಿಟಕಿ ಕಾಣುವಂತೆ ತೆಗೆದರೆ ಮೀಟರುಗಳೆಲ್ಲ ಮಸಿ. ಸಾಲದ್ದಕ್ಕೆ ವೈಜನಾಥನ ಹಳದಿ ಅಂಗಿ ಒಂದೊಂದು ಮೀಟರಿನ ಮೇಲೂ ಮಿನುಗುತ್ತಿತ್ತು.

“ಏ ವೈಜ್ಯಾ, ನೀ ಸ್ವಲ್ಪ ಅತ್ತಾಗ ಹೋಗಪಾ. ಚಾ ಕುಡದು ಬಾ,” ಎಂದಳು.

“ಇಲ್ಲೇ ನಿಂದರಬೇಕಕ್ಕಾ. ಸಹಿ ಮಾಡೀನಿ.”

“ನಾ ಏನ ಇಮಾನ ಹಾರಿಸ್ಕೊಂಡ ಓಡಿ ಹೋಗತೀನೇನು? ನಡಿ ನಡಿ!”

ಅಕ್ಕನ ಮಾತಿಗೆ ಎದುರಾಡಿ ಗೊತ್ತಿಲ್ಲದವನು, ಹೋದ. ಅವಳು ಮುಂದಿನ ಕಿಟಕಿಗೆ ಒಳಗಿನಿಂದ ಕಪ್ಪು ಬಟ್ಟೆಯಿಟ್ಟು ಸುತ್ತಲೂ ಟೇಪು ಹಚ್ಚಿದಳು. ಸೀಟಿನ ಹಿಂದೆ ಸಣ್ಣ ಲೈಟೊಂದನ್ನು ಹಚ್ಚಿಟ್ಟಳು. ಈಗ ಬಂದವು ನೋಡಿ ಫೋಟೊಗಳು! ಬಟ್ಟೆ ಬಿಚ್ಚಿದಾಗ ಟೇಪಿನ ಅಂಟು ಉಳಿದಿತ್ತು. ಸ್ಟುಡಿಯೊದ ಫ್ರೇಮುಗಳ ಗಾಜಿಗೆ ಮಾಡುವಂತೆ, ಚೀಲದಲ್ಲಿದ್ದ ಅಂಟು ಬಿಡಿಸುವ ಥಿನ್ನರನ್ನು ಅರಿವೆಗೆ ಸುರಿದು ಇಡೀ ಕಿಟಕಿಯನ್ನು ಉಜ್ಜಿದಳು. ಲಕಲಕ ಹೊಳೆಯಿತು. ಅದೇ ಖುಷಿಯಲ್ಲಿ ಇನ್ನೂ ನಾಲ್ಕು ಫೋಟೊ ಹೊಡೆದಳು.

ಹತ್ತು ನಿಮಿಷ ಕಳೆದಿರಬೇಕು, ಇಳಿಬಿಸಿಲು ಓರೆಯಾಗಿ ಒಳಗೆ ಬಂತು. ಕಿಟಕಿಯ ತುಂಬ ಕೂದಲೆಳೆಯಂಥ ಬಿರುಕುಗಳು! ಉಗುರಿನಿಂದ ತಟ್ಟಿ ನೋಡಿದಳು. ಗಾಜಲ್ಲ, ಪ್ಲಾಸ್ಟಿಕ್ಕು, ಥಿನ್ನರ್ ಅದನ್ನು ತಿಂದುಹಾಕಿತ್ತು. ಇಪ್ಪತ್ತೆರಡು ವರ್ಷದ ಅನುಭವವಂತೆ, ಬೆಂಕಿ ಹಾಕ ಆ ಅನುಭವಕ್ಕೆ! ಬಿಸಿಲು ಬಿರುಕುಗಳೊಳಗೆ ಸಿಕ್ಕಿಕೊಂಡು ಕಿಟಕಿಯೆಲ್ಲ ಹಾಲಿನ ಹಾಗೆ ಬೆಳ್ಳಗಾಯಿತು, ಆಚೆಯದೇನೂ ಕಾಣಲಿಲ್ಲ. ಅಷ್ಟರಲ್ಲಿ ಸೂರ್ಯ ಮೋಡದ ಹಿಂದೆ ಸರಿದ. ಬಿರುಕುಗಳೂ ಮಾಯವಾದವು.

ಆಗಲೇ ವಿಮಾನ ಅಲುಗಾಡಿತು. ರೆಕ್ಕೆ ಹತ್ತಿ ಬಂದವಳು ಕೃಪಾ, ಇಲ್ಲಿ ಹಾರುವುದನ್ನು ಕಲಿಸುವ ಮೈಸೂರಿನ ಹುಡುಗಿ. ಬಲಗಡೆಯ ಸೀಟಿನಲ್ಲಿ ಕೂತು, ಧೂಳು ಬರುತ್ತದೆಂದು ಬಾಗಿಲು ಎಳೆದುಕೊಂಡಳು.

“ತೋರಿಸಿ ಮೇಡಂ, ಹೇಗೆ ಬಂದಿದೆ?” ಕ್ಯಾಮೆರಾ ಇಸಿದುಕೊಂಡು ನೋಡಿದಳು. “ಅಯ್ಯೋ, ಎಷ್ಟು ಚೆನ್ನಾಗಿದೆ! ಕಿಟಕಿ ಎಷ್ಟು ಕ್ಲೀನಾಗಿದೆ! ಬೆಳಿಗ್ಗೆ ಆರು ಗಂಟೆಗೆ ಇದರಲ್ಲೇ ಹೋಗ್ತಿದೀನಿ, ಹೊಸ ಸ್ಟೂಡೆಂಟ್ ಜೊತೆ. ನೇರ ಪೂರ್ವಕ್ಕೆ, ಸೂರ್ಯನ ಮುಖಕ್ಕೇ.”

ಶಿವದೇವಿಗೆ ಇದು ಬಾಯೊಳಗಿನ ಬಿಸಿ ತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಹೇಳಿದರೆ, ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೋದವರು ಯಾರು ಎಂದು ಕೇಳುತ್ತಾರೆ, ವೈಜನಾಥನ ಕೆಲಸ ಹೋಗುತ್ತದೆ. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿ ಓದುತ್ತಿರುವ ಅವನ ಇಬ್ಬರು ಹೆಣ್ಣುಮಕ್ಕಳ ಗತಿ? ಹೇಳದಿದ್ದರೆ, ಬೆಳಿಗ್ಗೆ ಈ ಹುಡುಗಿ ಕಣ್ಣು ಕಟ್ಟಿಸಿಕೊಂಡು ವಿಮಾನ ಓಡಿಸಬೇಕು. ಎದ್ದು ಹೋಗಿ ವೈಜನಾಥನ ಕಿವಿಯಲ್ಲಿ ಹೇಳೋಣವೆಂದರೆ, ಕೃಪಾ ಬಾಗಿಲಿಗೆ ಒರಗಿ ಕೂತುಬಿಟ್ಟಿದ್ದಳು. ಹೇಳಿದರೂ ಅವನೇನು ಮಾಡಿಯಾನು, ಪಾಪ!

“ಎಷ್ಟು ಬೆವರ್ತಿದೀರಿ ಮೇಡಂ. ನೀರು ಕುಡೀರಿ,” ಎಂದು ಕೃಪಾ ತನ್ನ ಬಾಟಲಿಯನ್ನೇ ಕೊಟ್ಟಳು.

ಬಾಟಲಿಯನ್ನು ಹಾಗೇ ಮಡಿಲಲ್ಲಿಟ್ಟು ಶಿವದೇವಿ ಸಣ್ಣ ಲೈಟನ್ನು ತೆಗೆದುಕೊಂಡು ಕಿಟಕಿಯ ಪಕ್ಕಕ್ಕೆ ಓರೆಯಾಗಿ ಹಿಡಿದಳು. ಬಿರುಕುಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು.

“ನಾನ ಮಾಡೀನ್ರಿ ಮೇಡಂ. ಗಾಜು ಅಂತ ತಿಳಕೊಂಡು ಥಿನ್ನರ್ ಹಚ್ಚಿದೆ.”

ಕೃಪಾ ಕಿಟಕಿಯ ಮೇಲೆ ಬೆರಳಾಡಿಸಿದಳು.

“ಹೇಳಿದ್ದು ಒಳ್ಳೇದಾಯ್ತು. ನಾಳೆ ನನಗೆ ರನ್‌ವೇನೇ ಕಾಣ್ತಿರಲಿಲ್ಲ,” ಎಂದಳು.

ಶಿವದೇವಿಗೆ ಹೋದ ಜೀವ ಬಂದಂತಾಯಿತು. ಇಷ್ಟಕ್ಕೇ ಮುಗಿಯಿತೆಂದುಕೊಂಡಳು, ಹುಚ್ಚಿ.

“ಆಗ ವೈಜನಾಥ ಎಲ್ಲಿದ್ರು ಮೇಡಂ?”

“ನಾನ ಕಳಿಸಿದ್ದೆರಿ. ಅಂವ ಒಲ್ಲೆ ಅಂದ, ನಾನ ಒತ್ತಾಯ ಮಾಡಿ...”

“ಅವರು ಹೋದ್ರು, ಅಲ್ವಾ? ನಾನು ರಿಪೋರ್ಟ್ ಬರೀಲೇಬೇಕು. ಇದು ನನ್ನ ಕೈಲಿಲ್ಲ.”

ಯಾರೋ ಬಾಗಿಲು ತಟ್ಟಿದರು. ಕೃಪಾ ತೆರೆದಳು. ರೆಕ್ಕೆಯ ಮೇಲೆ ಚಹಾದ ಲೋಟ ಹಿಡಿದು ವೈಜನಾಥ ನಿಂತಿದ್ದ. ಉರಿಯುತ್ತಿದ್ದ ಲೈಟನ್ನು ನೋಡಿದ, ಕಿಟಕಿಯನ್ನು ನೋಡಿದ. ಹದಿನೆಂಟು ವರ್ಷ ಒರೆಸಿದವನಿಗೆ ಬಿಡಿಸಿ ಹೇಳಬೇಕೆ? ಬಗ್ಗಿ ಲೋಟವನ್ನು ಅಕ್ಕನ ಕೈಗೆ ಕೊಟ್ಟ. ಕೊರಳಲ್ಲಿದ್ದ ಗುರುತಿನ ಕಾರ್ಡನ್ನು ತಾನಾಗಿಯೇ ತೆಗೆದು ಕೃಪಾಳ ಕೈಯಲ್ಲಿಟ್ಟ.

“ಅಕ್ಕನ ಮುಂದ ಏನೂ ಅನಬ್ಯಾಡ್ರಿ ಮೇಡಂ. ಮನಸಿಗೆ ಭಾಳ ಹಚಗೋತಾಳ. ಆಕೀನ ಬಸ್ಸಿಗೆ ಹತ್ತಿಸಿ ಬರತೀನಿ, ಆಮ್ಯಾಲ ಬರಕೋರಿ.”

ಕೃಪಾ ಮುಖ ತಿರುಗಿಸಿಕೊಂಡು ಕೆಳಗಿಳಿದಳು. ವೈಜನಾಥ ಅಕ್ಕನಿಗೆ ಕೈ ಚಾಚಿದ. ಶಿವದೇವಿಗೆ ಆ ಕೈ ಹಿಡಿಯುವ ಧೈರ್ಯವಾಗಲಿಲ್ಲ.