ಎದೆಲ್ಮಿರಾಳ ಕೆಂಪು ಬೂಟು

ಮನೆಯಿಂದ ಹೊರಡುವಾಗ ನಿಲ್ದಾಳ ಕಾಲಲ್ಲಿ ಇರುತ್ತಿದ್ದುದು ಹೆಬ್ಬೆರಳು ಕಾಣುವ ಹಳೆಯ ಕ್ಯಾನ್ವಾಸ್ ಬೂಟು. ನೀಲಗಿರಿ ತೋಪಿನ ಮರೆಗೆ ಹೋದ ಮೇಲೆ ಚೀಲದಿಂದ ಕೆಂಪು ಬೂಟು ತೆಗೆದು ಹಾಕಿಕೊಳ್ಳುತ್ತಿದ್ದಳು.

ಅದು ಅಕ್ಕ ಎದೆಲ್ಮಿರಾಳದು. ಉವಾಂಕಾಯೊ ಪಟ್ಟಣದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆಂದೇ ಕೊಂಡು, ಆ ದಿನವೇ ಹಾಕಬೇಕೆಂದು ಯಾರಿಗೂ ತೋರಿಸದೆ ಎತ್ತಿಟ್ಟಿದ್ದಳು. ನಿಲ್ದಾಳಿಗೆ ಮಾತ್ರ ಗೊತ್ತಿತ್ತು. ಜನವರಿಯಲ್ಲಿ ಗುಡ್ಡದ ಮೇಲೆ ಅಭ್ಯಾಸ ಮಾಡುತ್ತಿದ್ದಾಗ ಅಕ್ಕ ಸಿಡಿಲು ಬಡಿದು ಸತ್ತಳು. ಕಾಲಲ್ಲಿದ್ದ ದಿನನಿತ್ಯದ ಬೂಟೂ ಸುಟ್ಟುಹೋಯಿತು.

ಅಲ್ಲಿಯ ರೂಢಿಯಂತೆ ಸತ್ತ ಐದನೆಯ ದಿನ ನೆಂಟರೆಲ್ಲ ಹೊಳೆಗೆ ಹೋಗಿ ಸತ್ತವರ ಬಟ್ಟೆ ಒಗೆಯುತ್ತಾರೆ. ದಾರಿಗೆ ಬೇಕಾದದ್ದನ್ನು ಸುಟ್ಟು ಜೊತೆಗೆ ಕಳಿಸುತ್ತಾರೆ. ಏನಾದರೂ ಉಳಿದರೆ ಅದನ್ನು ಹುಡುಕಿಕೊಂಡು ಸತ್ತವರು ತಿರುಗುತ್ತಾರಂತೆ. ಅಂದು ನಿಲ್ದಾ ಬೂಟನ್ನು ಆಲೂಗಡ್ಡೆ ಮೂಟೆಯೊಳಗೆ ಬಚ್ಚಿಟ್ಟಳು. ಅಕ್ಕನ ಓಟವನ್ನು ತಾನಾದರೂ ಓಡಬೇಕು ಎಂಬುದಷ್ಟೇ ಅವಳ ತಲೆಯಲ್ಲಿತ್ತು.

ನಿಲ್ದಾ ಓಡುವಾಗ ತೆಯೋಫಿಲೊ ಮಾವ ಮಳೆಗೆ ಟೋಪಿಯ ಮೇಲೆ ಪ್ಲಾಸ್ಟಿಕ್ ಹೊದ್ದು ಸೈಕಲ್ಲಿನಲ್ಲಿ ಹಿಂದೆಯೇ ಬರುತ್ತಿದ್ದ. ಅಕ್ಕನನ್ನೂ ಅವನೇ ತಯಾರು ಮಾಡಿದ್ದು.

"ಏನೇ, ಬಾತುಕೋಳಿ ಮರೀನಾ ನೀನು? ನೀರು ಕಂಡಲ್ಲೆಲ್ಲ ನಿಲ್ತೀಯ!"

"ಕಣ್ಣಿಗೆ ಮಳೆ ಹೊಡೀತಿದೆ ಮಾವ."

"ಓಡೋದು ಕಾಲಲ್ಲಿ ಕಣೇ. ನಡಿ, ಪಟ್ಟಣದ ಓಟಕ್ಕೆ ಇರೋದು ಮೂರೇ ವಾರ. ಬೂಟೇನೋ ಜೋರಾಗಿದೆ, ಎಲ್ಲಿ ಸಿಕ್ತು?"

"ಸಂತೇಲಿ," ಎಂದು ನಿಲ್ದಾ ಓಟ ಜೋರು ಮಾಡಿದಳು.

ಶನಿವಾರ ಬೆಳಿಗ್ಗೆ ಅಮ್ಮ ಜೋಳದ ಗಂಜಿ ಬಡಿಸುತ್ತಾ, "ಇವತ್ತೂ ಕನಸಲ್ಲಿ ಬಂದಿದ್ಲು" ಎಂದಳು. "ಆಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೀತಿದ್ಲು. ಪಾದ ನೀಲಿಗಟ್ಟಿತ್ತು. ಎಲ್ಲಾ ಕೊಟ್ಟು ಕಳಿಸಿದ್ವಲ್ಲೇ, ಏನು ಮರೆತ್ವಿ?"

ನಿಲ್ದಾ ಬಟ್ಟಲನ್ನೇ ನೋಡಿದಳು. "ಏನಾದ್ರೂ ಮಾತಾಡಿದ್ಲಾ?"

"ಇಲ್ಲ. ಮುಖ ನೋಡಿದ್ಲು, ಅಷ್ಟೆ."

ಅಂದು ದಾರಿಯಲ್ಲೇ ಆಲಿಕಲ್ಲು ಸುರಿಯಿತು. ರಸ್ತೆ ಬೆಳ್ಳಗಾಯಿತು. ನಿಲ್ದಾ ನಿಲ್ಲಲಿಲ್ಲ, ಮೊದಲ ಸಲ ಇಪ್ಪತ್ತೊಂದೂ ಕಿಲೋಮೀಟರ್ ಮುಗಿಸಿದಳು. ಕೈ, ಕಿವಿ ಮರಗಟ್ಟಿದ್ದವು. ಪಾದ ಮಾತ್ರ ಬೆಚ್ಚಗಿತ್ತು. ಆ ಬಿಸಿಯನ್ನು ಅವಳಿಂದ ತಡೆಯಲಾಗಲಿಲ್ಲ.

ತೋಪಿನ ಹತ್ತಿರ ಬೂಟು ಬದಲಿಸಲಿಲ್ಲ. ಹಾಗೆಯೇ ಮನೆಯೊಳಗೆ ಬಂದು, "ಇದು ಅಕ್ಕಂದು. ನಾನು ಬಚ್ಚಿಟ್ಟಿದ್ದೆ" ಎಂದಳು.

ಅಮ್ಮ ಹೊಡೆಯಲಿಲ್ಲ. ಮಂಡಿಯೂರಿ ಲೇಸು ಬಿಚ್ಚಿದಳು. ಹಿಮ್ಮಡಿ ಸವೆದಲ್ಲಿ ಬೆರಳಾಡಿಸಿದಳು.

"ಕೇಳಿದ್ರೆ ಅವಳೇ ಕೊಡ್ತಿದ್ಲೇನೋ. ಈಗ ಕೇಳೋಕಾಗಲ್ವಲ್ಲೇ, ಹುಡುಗಿ."

ಮಾವನನ್ನೂ ಕರೆದುಕೊಂಡು ಮೂವರೂ ಹೊಳೆಗೆ ಹೋದರು. ಅಮ್ಮ ಬೂಟನ್ನು ಹೊಸದರ ಹಾಗೆ ಕಾಣುವವರೆಗೂ ಉಜ್ಜಿದಳು. ಒದ್ದೆ ಬೂಟಿಗೆ ಬೆಂಕಿ ಹಿಡಿಯಲೇ ಇಲ್ಲ. ಸೀಮೆಎಣ್ಣೆ ಹಾಕಿ, ಮಾವ ಮಳೆ ಬೀಳದಂತೆ ಮೇಲೆ ಪ್ಲಾಸ್ಟಿಕ್ ಹಿಡಿದು ನಿಂತ. ಕರಿ ಹೊಗೆ ಎದ್ದಿತು.

"ಏನು ಹಾಕ್ಕೊಂಡು ಓಡ್ತೀಯೇ?" ಎಂದು ಮಾವ ಕೇಳಿದ.

"ಹಳೇದು."

ಮಾವ ಅಂದು ತಮಾಷೆ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಒಲೆ ಹಚ್ಚದೆ ಕೂತಿದ್ದಳು.

"ಬಂದ್ಲಾ ಅಮ್ಮಾ?"

"ಇಲ್ಲ. ಬರ್ಲೇ ಇಲ್ಲ ಕಣೇ" ಎಂದು ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ನಿಲ್ದಾ ಅವಳ ಪಕ್ಕದಲ್ಲಿ ಕೂತಳು. ಹೊರಗೆ ಸೈಕಲ್ ಬೆಲ್ಲು ಒಮ್ಮೆ ಹೊಡೆಯಿತು, ಮತ್ತೆ ಹೊಡೆಯಲಿಲ್ಲ. ಮಾವ ಮಳೆಯಲ್ಲಿ ಕಾಯುತ್ತಾ ನಿಂತಿದ್ದ. ಎಷ್ಟೋ ಹೊತ್ತಿನ ಮೇಲೆ ಅಮ್ಮನೇ ಹಳೆಯ ಬೂಟನ್ನು ಅವಳ ಕಡೆ ತಳ್ಳಿದಳು.