ಬೇಲಿಯೊಳಗಿನ ಪಾಲು

"ಏ ಮುದುಕಿ, ಗಂಟು ಬಿಚ್ಚು. ಇದೇನ್ ನಿಮ್ಮ ಕುರಿಹಟ್ಟಿ ಅಂತ ತಿಳದೀ ಏನ್, ಸೀದಾ ನುಗ್ಗಾಕ?"

ಗೇಟಿನ ಕಾವಲುಗಾರ ರಂಗವ್ವನ ಕಂಕುಳಲ್ಲಿದ್ದ ಗಂಟನ್ನು ಕೋಲಿನ ತುದಿಯಿಂದ ತಿವಿದ. ಅವಳ ಹಿಂದೆ, ಹುನಗುಂದದಿಂದ ಕಂಪನಿ ಬಸ್ಸಿನಲ್ಲಿ ಬಂದ ಸಣ್ಣ ಶೇರುದಾರರು ಸಾಲುಗಟ್ಟಿ ಬಿಸಿಲಲ್ಲಿ ನಿಂತಿದ್ದರು. ದೊಡ್ಡ ಶೇರುದಾರರ ಕಾರುಗಳು ಪಕ್ಕದ ದೊಡ್ಡ ಗೇಟಿನಿಂದ ಗಾಜು ಸಹ ಇಳಿಸದೆ ಒಳಗೆ ಹೋಗುತ್ತಿದ್ದವು.

"ಮಾದಲಿ ಐತಪಾ," ಎಂದಳು ರಂಗವ್ವ.

"ಒಳಗ ತಿನ್ನೂದು ಒಯ್ಯಂಗಿಲ್ಲ."

"ಆಕಿಗೆ ಸಕ್ಕರಿ ಬ್ಯಾನಿ ಐತೋ ತಮ್ಮಾ," ಎಂದು ಹಿಂದಿನಿಂದ ಮಾಸುಮಬಿ ಬಾಯಿ ಹಾಕಿದಳು. "ತಾಸಿಗೊಮ್ಮೆ ಏನರ ತಿನ್ನಲಿಲ್ಲಂದ್ರ ಬೀಳ್ತಾಳ. ಬಿದ್ದಮ್ಯಾಲ ನೀನ ಹೊರಬೇಕು ನೋಡು."

"ಸಕ್ಕರಿ ಬ್ಯಾನಿಗೆ ಬೆಲ್ಲದ ಮಾದಲಿ? ಯಾವ ಡಾಕ್ಟರ್ ಬರದಾನ ಬೇ?"

ಸಾಲಿನಲ್ಲಿದ್ದವರು ನಕ್ಕರು. ಕಾವಲುಗಾರನೂ ನಕ್ಕ. ನಗುತ್ತಲೇ ಗಂಟು ಕಸಿದು ಬೇಲಿಯ ಹೊರಗೆ ಎಸೆದ. ಬಸ್ಸಿನ ನೆರಳಲ್ಲಿ ಮಲಗಿದ್ದ ನಾಯಿ ಮೈ ಮುರಿದು ಎದ್ದು ಅತ್ತ ಹೋಯಿತು.

"ಭಾಡ್ಯಾ," ಎಂದಳು ಮಾಸುಮಬಿ, ಅವನ ಕಿವಿಗೆ ಬೀಳುವ ಹಾಗೆ. ಅವಳ ಗಂಡ ಇಳಕಲ್ಲಿನ ಕಲ್ಲುಗಣಿಯಲ್ಲಿ ಧೂಳು ಕುಡಿದು ಸತ್ತವನು. ರಂಗವ್ವನ ಹೊಲದ ಒಡ್ಡಿಗೆ ಹತ್ತಿದ್ದ ಅವಳ ತುಂಡು ಹೊಲವೂ ಕಂಪನಿಗೇ ಹೋಗಿತ್ತು. ಅಂದಿನಿಂದ ಅವಳು ಯಾರಿಗೂ ಅಂಜುತ್ತಿರಲಿಲ್ಲ.

ರಂಗವ್ವ ಗಂಟಿನ ಕಡೆ ತಿರುಗದೆ ಮುಂದೆ ನಡೆದಳು. ಅವಳಿಗೆ ಒಳಗೆ ಹೋಗಬೇಕಿತ್ತು, ಬರಿಗೈಯಲ್ಲಾದರೂ ಸರಿ. ಈ ಬೇಲಿಯೊಳಗೆ ಅವಳ ಮಗಳು ಸುಧಾರಾಣಿ ಮಲಗಿದ್ದಳು.

ಶಾಲೆಗೆ ಹೋಗುವ ವಯಸ್ಸಿನ ಹುಡುಗಿ, ಕುರಿಯ ಹಿಂದೆ ಹೋಗಿದ್ದಾಗ ಹಾವು ಮುಟ್ಟಿತ್ತು. ದವಾಖಾನೆಯ ಮೆಟ್ಟಿಲು ಹತ್ತುವುದರೊಳಗೆ ಅಪ್ಪನ ಹೆಗಲ ಮೇಲೆಯೇ ತಣ್ಣಗಾದಳು. ತಮ್ಮ ಹೊಲದ ಅಂಚಿನಲ್ಲಿ, ಗುಡ್ಡದ ಬುಡದ ಸೀಳು ಬಂಡೆಯ ಕೆಳಗೆ ಅವಳನ್ನು ಮಣ್ಣು ಮಾಡಿ ಮೇಲೆ ಕಲ್ಲು ಒಟ್ಟಿದ್ದರು. ಸತ್ತವರನ್ನು ನೆನೆಯುವ ಮಹಾನವಮಿ ಅಮಾವಾಸ್ಯೆ ಬಂದರೆ ರಂಗವ್ವ ಅಲ್ಲಿ ಮಾದಲಿಯ ಎಡೆ ಇಟ್ಟು, ಕಾಗೆ ಮುಟ್ಟುವವರೆಗೂ ಕೂತು, ಮಗಳೊಡನೆ ಮನೆಯ ಸುದ್ದಿ ಮಾತಾಡಿ ಬರುತ್ತಿದ್ದಳು.

ಗುಡ್ಡದಲ್ಲಿ ಕಬ್ಬಿಣವಿದೆ ಎಂದು ಕಂಪನಿ ಬಂದಾಗ ಊರೆಲ್ಲ ಭೂಮಿ ಕೊಟ್ಟಿತು, ರಂಗವ್ವ ಮಾತ್ರ ಹೆಬ್ಬೆಟ್ಟು ಒತ್ತಲಿಲ್ಲ. ಆಗ ಊರಿನ ಹಿರಿಯ ಹೊಳಬಸಪ್ಪ ಗೌಡರು ಕಂಪನಿಯ ಪರವಾಗಿ ತಾವೇ ಅವಳ ಗುಡಿಸಲಿಗೆ ಬಂದು, ದೇವರ ಜಗಲಿಯ ಮೇಲಿದ್ದ ಬೀರಪ್ಪನ ಭಂಡಾರ ಮುಟ್ಟಿ, "ನಿನ್ನ ಮಗಳ ಜಾಗಾ ಯಾರೂ ಮುಟ್ಟಂಗಿಲ್ಲ. ರೊಕ್ಕಾನೂ ಬರತೈತಿ, ಶೇರೂ ಬರತೈತಿ. ಶೇರು ಅಂದ್ರ ಪಾಲು ಬೇ. ಕಂಪನ್ಯಾಗ ನೀನೂ ಪಾಲುದಾರಳು" ಎಂದಿದ್ದರು.

ಆ ಅರಿಶಿನದ ಪುಡಿ ಮುಟ್ಟಿ ಸುಳ್ಳಾಡಿದವರನ್ನು ರಂಗವ್ವ ಕಂಡಿರಲಿಲ್ಲ. ಪಾಲು ಎಂದರೆ ಅವಳಿಗೆ ಗೊತ್ತಿದ್ದುದು ಪಾಲಿನ ಕುರಿ. ಒಬ್ಬರ ಕುರಿಯನ್ನು ಇನ್ನೊಬ್ಬರು ಮೇಯಿಸುತ್ತಾರೆ, ಹುಟ್ಟಿದ ಮರಿಗಳನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಕುರಿ ಕೊಟ್ಟವರು ಯಾವ ಹೊತ್ತಿಗೆ ಬಂದರೂ ಹಟ್ಟಿಯ ಬಾಗಿಲು ತೆರೆಯಬೇಕು, ಕುರಿಯ ಬೆನ್ನ ಮೇಲೆ ಕೈಯಾಡಿಸಲು ಬಿಡಬೇಕು. ಬಿಡದವನ ಸಂಗಡ ಆಮೇಲೆ ಯಾರೂ ಪಾಲು ಮಾಡುವುದಿಲ್ಲ. ಕಂಪನಿಯ ಬಾಗಿಲೂ ಹಾಗೆಯೇ ತೆರೆದೀತೆಂದು ಅವಳು ಹೆಬ್ಬೆಟ್ಟು ಒತ್ತಿದಳು. ಬೇಲಿ ಬಿದ್ದಮೇಲೆ ಎಡೆ ಹಿಡಿದು ಬಂದಾಗಲೆಲ್ಲ ಇದೇ ಗೇಟಿನಿಂದ ಅಟ್ಟಿಸಿಕೊಂಡಳು. ಈಗ ಪ್ರಾಯೋಗಿಕ ಘಟಕ ತೋರಿಸುತ್ತೇವೆ, ಶೇರುದಾರರೆಲ್ಲ ಬರ್ರಿ ಎಂದು ಕಂಪನಿಯೇ ಕರೆದಿತ್ತು. ಅಮಾವಾಸ್ಯೆ ಇನ್ನೂ ದೂರವಿದ್ದರೂ ಅವಳು ನಸುಕಿನಲ್ಲೆದ್ದು ಮಾದಲಿ ಮಾಡಿದ್ದಳು.

ಒಳಗೆ ದೊಡ್ಡವರಿಗೆ ಬಿಳಿ ಟೊಪ್ಪಿಗೆ, ಸಣ್ಣವರಿಗೆ ಹಳದಿ. ದೊಡ್ಡವರಿಗೆ ಶಾಮಿಯಾನದಡಿ ಕುರ್ಚಿ, ಸಣ್ಣವರಿಗೆ ಅಮೀನಗಡದ ಕರದಂಟಿನ ತುಣುಕು. ಕಂಪನಿಯ ಚೇತನಕುಮಾರ ಎಂಬ ಹುಡುಗ ಎಲ್ಲರನ್ನೂ ಯಂತ್ರಗಳ ಮುಂದೆ ಕರೆದೊಯ್ದ. ಉಕ್ಕಿನ ಗುಂಡು ತುಂಬಿದ ದೊಡ್ಡ ಪೀಪಾಯಿಯೊಂದು ಗಡಗಡ ತಿರುಗುತ್ತಿತ್ತು.

"ಇದರಾಗ ಕಲ್ಲು ಹಾಕ್ರಿ, ಮಣ್ಣು ಹಾಕ್ರಿ, ಎಲ್ಲಾ ಹಿಟ್ಟಾಗತೈತಿ," ಎಂದು ಅವನು ಕೂಗಿ ಹೇಳಿದ. "ನಿಮ್ಮ ಜ್ವಾಳದ ಹಿಟ್ಟಿಗಿಂತ ಸಣ್ಣ. ಆಮ್ಯಾಲ ನೀರಾಗ ಕಲಿಸಿ ಅಯಸ್ಕಾಂತದ ಮುಂದ ಬಿಟ್ರ, ಕಬ್ಬಿಣ ಅಷ್ಟ ಹಿಡಕೊಂತೈತಿ."

ಹೊಳಬಸಪ್ಪ ಗೌಡರು ಹಣೆತುಂಬ ವಿಭೂತಿ ಬಳಿದುಕೊಂಡು ಬಿಳಿ ಟೊಪ್ಪಿಗೆಯವರ ನಡುವೆ ನಿಂತಿದ್ದರು. ರಂಗವ್ವನ ಕಡೆ ಬೆರಳು ಮಾಡಿದರು. "ಈಕಿ ನಮ್ಮ ರಂಗಿ. ಕುರಿ ಕಾಯೂದ್ ಬಿಟ್ಟು ಈಗ ಕಂಪನಿ ಕಾಯ್ತಾಳ."

ಬಿಳಿ ಟೊಪ್ಪಿಗೆಗಳು ನಕ್ಕವು. "ಅಜ್ಜಿ, ನೀವೂ ಸ್ವಲ್ಪ ನಗ್ರಿ," ಎಂದು ಚೇತನಕುಮಾರ ಅವಳ ಫೋಟೋ ತೆಗೆದ.

ರಂಗವ್ವನ ಕಣ್ಣು ಆಗಲೇ ಗುಡ್ಡದ ಕಡೆಗಿತ್ತು. ಸೀಳು ಬಂಡೆ ಅರ್ಧ ಉಳಿದಿತ್ತು. ಅದರ ಕೆಳಗೆ ಕಲ್ಲಿನ ಒಟ್ಟಿಲು ಇರಲಿಲ್ಲ. ಬಾಯಿ ತೆರೆದ ಒಂದು ತಗ್ಗಿತ್ತು.

"ತಮ್ಮಾ, ಅಲ್ಲಿಂದ ಮಣ್ಣು ಎಲ್ಲಿ ಹೋತು?"

"ಅದಾ? ಮೊದಲನೇ ಟ್ರಯಲ್ ಅದರ ಮ್ಯಾಗ ಮಾಡೇವ್ರಿ ಅಜ್ಜಿ. ಅಲ್ಲಿ ನೆಲ ಮೆತ್ತಗಿತ್ತು, ಅಗಿಯಾಕ ಸಸಾರ ಆತು." ಅವನು ಖುಷಿಯಿಂದಲೇ ಪೀಪಾಯಿಯ ಕಡೆ ಕೈ ತೋರಿಸಿದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ.

ರಂಗವ್ವ ಸಣ್ಣವರನ್ನು ತಡೆಯಲು ನೆಲದಲ್ಲಿ ಎಳೆದಿದ್ದ ಹಳದಿ ಗೆರೆ ದಾಟಿ ಗೌಡರ ಮುಂದೆ ಹೋಗಿ ನಿಂತಳು.

"ಗೌಡ್ರ, ಭಂಡಾರ ಮುಟ್ಟಿದ್ರಿ."

"ಏ ಹುಚ್ಚಿ, ಎಂದೋ ಸತ್ತ ಕೂಸು ಇನ್ನೂ ಅಲ್ಲೇ ಇರತೈತೇನ? ಯಾವಾಗೋ ಮಣ್ಣಾಗ ಮಣ್ಣಾಗಿರತಾಳ." ಗೌಡರು ದನಿ ತಗ್ಗಿಸಿದರು. "ಮಂದಿ ಮುಂದ ಬಾಯಿ ಬಿಡಬ್ಯಾಡ. ನಿನ್ನ ಶೇರಿನ ಕಿಮ್ಮತ್ತೂ ಏರತೈತಿ."

"ಏರಲಿ. ಆಕಿ ಎಲ್ಲಿ?"

ಗೌಡರು ಮುಖ ತಿರುಗಿಸಿ ಬಿಳಿ ಟೊಪ್ಪಿಗೆಯವರನ್ನು ಊಟಕ್ಕೆ ಕರೆದರು.

ರಂಗವ್ವ ತಿರುಗುವ ಪೀಪಾಯಿಯ ಹತ್ತಿರ ಹೋದಳು. ಮಾಸುಮಬಿ ಅವಳ ತೋಳು ಹಿಡಿದುಕೊಂಡಳು. ಆ ಗದ್ದಲದಲ್ಲಿ ಯಾರ ಉಸಿರೂ ಯಾರಿಗೂ ಕೇಳುತ್ತಿರಲಿಲ್ಲ.

"ತಮ್ಮಾ," ಎಂದಳು ಚೇತನಕುಮಾರನಿಗೆ, "ಕಬ್ಬಿಣ ಅಲ್ಲದ್ದು ಎಲ್ಲಿ ಹೋಗತೈತಿ?"

"ಅದು ವೇಸ್ಟ್ ರೀ ಅಜ್ಜಿ. ಪೈಪಿನಾಗ ಹಾದು ಹಿಂದಿನ ಹೊಂಡಕ್ಕ ಬೀಳತೈತಿ."

ಹೊಂಡದ ಸುತ್ತ ಹಗ್ಗ ಕಟ್ಟಿದ್ದರು. ರಂಗವ್ವ ಬಗ್ಗಿ ಹಗ್ಗದ ಕೆಳಗೆ ನುಸುಳಿದಳು. ಅಂಚಿನಲ್ಲಿ ಮೊಣಕಾಲೂರಿ, ಹಿಟ್ಟಿನಷ್ಟು ನುಣ್ಣಗಿದ್ದ ಕೆಂಪು ರಾಡಿಯನ್ನು ಬೊಗಸೆಯಲ್ಲಿ ತೆಗೆದು ಬೆರಳಿನಿಂದ ಕಲಸಿ ನೋಡಿದಳು. ಒಂದು ಹರಳೂ ಸಿಗಲಿಲ್ಲ. ಸೆರಗು ಹಾಸಿ ಉಡಿ ಮಾಡಿಕೊಂಡಳು. ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆ, ಚೆಲ್ಲದಂತೆ, ಬೊಗಸೆ ಬೊಗಸೆಯಾಗಿ ತುಂಬಿದಳು.

"ಯವ್ವಾ ರಂಗಕ್ಕ, ಎದ್ದೇಳ ಬೇ, ಕಾಲು ಹೂತು ಹೋಗತಾವ," ಎಂದು ಹಗ್ಗದಾಚೆ ಮಾಸುಮಬಿ ಅಳುತ್ತಿದ್ದಳು.

ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ. "ಏನದು ಉಡ್ಯಾಗ? ಒಳಗಿನ ಮಾಲು ಹೊರಗ ಹೋಗಾಕ ಪಾಸ್ ಬೇಕು."

"ಮಾಲಲ್ಲಪಾ, ನನ್ನ ಮಗಳು."

"ಚೆಲ್ಲು ಅಂದ್ರ ಚೆಲ್ಲು! ಸಾಹೇಬ್ರು ನೋಡಿದ್ರ ನನ್ನ ನೌಕರಿ ಹೋಗತೈತಿ."

ಊಟದ ಕೈ ಒರೆಸಿಕೊಳ್ಳುತ್ತ ಗೌಡರು ಓಡಿ ಬಂದರು. "ಏ ರಂಡಿ, ರಾಡಿ ಚೆಲ್ಲಿ ಬಸ್ ಹತ್ತು. ದೊಡ್ಡ ಮಂದಿ ಮುಂದ ಮಾನ ಕಳೀತಿ ಏನ?"

"ಯಾರ ಮಾನ, ಗೌಡ್ರ?"

ಅವಳ ದನಿ ಏರಲಿಲ್ಲ. ಗೌಡರ ಕೈ ಅವಳ ಸೆರಗಿನವರೆಗೂ ಹೋಗಿ, ಅದರೊಳಗಿನದನ್ನು ಕಂಡು, ಮುಟ್ಟಲಾರದೆ ಹಿಂದೆ ಸರಿಯಿತು.

ಬಸ್ಸು ಹಾರ್ನ್ ಹಾಕಿತು. ಉಳಿದವರ ಸಂಗಡ ಹೊರಗೆ ಅಟ್ಟಿಸಿಕೊಂಡು ಹತ್ತಿ ಕೂತಿದ್ದ ಮಾಸುಮಬಿ ಇಳಿದು ಬಂದು, ಗೇಟಿನ ಸರಳಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಅವಳ ಹಿಂದೆ ಇನ್ನೂ ಒಬ್ಬಳು ಇಳಿದಳು. ಒಳಗೆ ರಂಗವ್ವ ನಿಂತೇ ಇದ್ದಳು, ಮಲಗಿದ ಕೂಸನ್ನು ಹಿಡಿದಂತೆ ಎರಡೂ ಕೈಯಿಂದ ಉಡಿ ಹಿಡಿದು, ಮೆಲ್ಲಗೆ ಅತ್ತಿತ್ತ ತೂಗುತ್ತ. ಸೆರಗಿನಿಂದ ಸೋರಿದ ಕೆಂಪು ನೀರು ಅವಳ ಪಾದ ತೋಯಿಸಿ, ಮುಚ್ಚಿದ ಗೇಟಿನ ಅಡಿಯಿಂದ ಸಣ್ಣಗೆ ಹರಿದು, ಹೊರಗಿನ ರಸ್ತೆಗೆ ಇಳಿಯಿತು.