ದೊರೆಸಾನಿ ಅಳಲಿಲ್ಲವಂತೆ

ಹಾರದ ಮೇಲೊಂದು ನೊಣ ಕೂತಿದೆ, ಪಟದೊಳಗಿನ ದೊರೆಸಾನಿಯ ಗಲ್ಲದ ಸರಿ ಕೆಳಗೆ, ಕೂತುಕೊಳ್ಳಲಿ, ಓಡಿಸಲಿಕ್ಕೆ ತಾನಂತೂ ಏಳುವವಳಲ್ಲ ಎಂದುಕೊಂಡಳು ಪ್ರೇಮಾವತಿ, ಬೆಳಿಗ್ಗೆ ಆ ಗಾಜು ಒರೆಸಿ ಹಾರ ಹಾಕಿದವಳೂ ತಾನೇ, ಸಾಕು — ಇವತ್ತು ಮೂಡುಬಿದಿರೆಯ ಈ ಚರ್ಚಿನಲ್ಲಿ ಬ್ರಿಟಿಷರ ಕಾಲದ ಜರ್ಮನ್ ಪಾದ್ರಿಯ ಹೆಂಡತಿಯ ಸ್ಮರಣೆ, ಪೀಠದಲ್ಲಿ ನಿಂತು ಪ್ರಸಂಗ ಮಾಡುತ್ತಿರುವವರು ತನ್ನ ಗಂಡ, ಸಭಾಪಾಲಕ ಜಯಪ್ರಕಾಶ್, ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಗದರುವ ಅದೇ ಗಂಟಲು, ಇಲ್ಲಿ ಮಾತ್ರ ಜೇನು. ಪಾದ್ರಿಗೆ ಮದುವೆಯಾಗಲಿಕ್ಕೆ ಆಚೆ ಸೀಮೆಯ ಮಿಶನ್ ಕಮಿಟಿಯ ಅಪ್ಪಣೆ ಬೇಕಿತ್ತಂತೆ, ಹೆಣ್ಣು ಹುಡುಕಿ ಹಡಗು ಹತ್ತಿಸಿದ್ದೂ ಕಮಿಟಿಯೇ, ದೊರೆಸಾನಿ ಮಂಗಳೂರಲ್ಲಿ ಇಳಿದಾಗಲೇ ಗಂಡನಾಗುವವನ ಮುಖ ನೋಡಿದ್ದು, ಅದೇ ವಾರ ಮದುವೆ, ಎಂಥ ವಿಶ್ವಾಸ ನೋಡಿ ಪ್ರಿಯರೇ ಅನ್ನುತ್ತಿದ್ದಾರೆ — ವಿಶ್ವಾಸವಂತೆ, ಮುಖ ಹಿಡಿಸದಿದ್ದರೆ ವಾಪಸು ಹೋಗಲಿಕ್ಕೆ ಆ ಹುಡುಗಿಗೆ ಹಡಗು ಎಲ್ಲಿತ್ತು, ತನಗಾದರೂ ಎಲ್ಲಿತ್ತು, ಬಂಟ್ವಾಳದ ಮನೆಯ ಜಗಲಿಯಲ್ಲಿ ಸಭೆಯ ಹಿರಿಯರು ಚಾ ಕುಡಿಯುತ್ತಾ ನಿಶ್ಚಯ ಮಾಡಿ ಎದ್ದರು, ಇವರು ಆಗ ಇನ್ನೂ ಉಪದೇಶಿ, ಉಪದೇಶಿಗೆ ಹಾಡುವ ಹೆಂಡತಿ ಬೇಕು, ಇವಳು ಹಾಡ್ತಾಳೆ, ಮುಗಿಯಿತು, ಒಳಗೆ ಲೋಟ ತೊಳೆಯುತ್ತಿದ್ದವಳನ್ನು ಒಂದು ಮಾತು ಕೇಳಿದವರಿಲ್ಲ. ಮಕ್ಕಳ ವಿಷಯಕ್ಕೆ ಬಂದರು ಈಗ, ಬರುತ್ತಾರೆಂದು ಗೊತ್ತಿತ್ತು, ಆರು ತುಂಬುತ್ತಿದ್ದ ಹಾಗೆ ಒಂದೊಂದೇ ಮಗುವನ್ನು ಹಡಗಿನಲ್ಲಿ ಆಚೆಯ ಮಿಶನ್ ಮನೆಗೆ ಕಳುಹಿಸುವುದು ಆಗಿನ ಕ್ರಮ, ದೊರೆಸಾನಿ ನಾಲ್ವರನ್ನೂ ಕಳುಹಿಸಿದರು, ಒಂದು ಹನಿ ಕಣ್ಣೀರು ಹಾಕಲಿಲ್ಲ — ಪಕ್ಕದಲ್ಲಿ ನಿಂತು ನೋಡಿದವರ ಹಾಗೆ ಹೇಳುತ್ತಾರೆ ಈ ಮನುಷ್ಯ, ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿರಬಹುದು ಮಾರಾಯ್ರೆ, ಬೆಳ್ತಂಗಡಿಯ ಬಾಡಿಗೆ ಮನೆಯಲ್ಲಿ ನಿಮ್ಮ ಹೆಂಡತಿ ಹಂಡೆಗೆ ನೀರು ಬಿಟ್ಟುಕೊಂಡು ಅತ್ತದ್ದು ನಿಮಗೆ ಕೇಳಿತ್ತಾ.

ಮಗ ಸಂದೇಶನಿಗೂ ಆಗ ಆರೇ, ಉಜಿರೆಯಲ್ಲಿ ಬಸ್ಸು ಹತ್ತಿಸಿ ಘಟ್ಟದ ಮೇಲಿನ ಬೋರ್ಡಿಂಗಿಗೆ ಕರೆದುಕೊಂಡು ಹೋದವರು ಇವರೇ, ಊರೂರು ತಿರುಗುವ ಉಪದೇಶಿಯ ಸೇವೆಗೆ ಮಗು ಅಡ್ಡಿಯಂತೆ, ಮನೆಯಲ್ಲಿ ತಾನೊಬ್ಬಳು ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಚಾರ್ಮಾಡಿ ಹತ್ತುವಾಗ ವಾಂತಿ ಮಾಡಿದ, ಆಮೇಲೆ ಸುಮ್ಮನಾದ ಎಂದರು ವಾಪಸು ಬಂದು, ಏನೋ ಗೆದ್ದು ಬಂದವರ ಹಾಗೆ. ಸುಮ್ಮನಾದವನು ಸುಮ್ಮನೆಯೇ ಉಳಿದ. ರಜೆಗೆ ಬಂದಾಗ ಬಂಗುಡೆ ಮೀನಿನ ಸಾರು ಮಾಡಿ ಬಡಿಸಿದ್ದಾಳೆ, ಮಗು ತಟ್ಟೆಯ ಮುಂದೆ ನಿಂತೇ ಇದೆ, ಕೂತುಕೋ ಮಗಾ ಎಂದು ತುಳುವಿನಲ್ಲಿ ಕರೆದರೆ ಕನ್ನಡದಲ್ಲಿ ಕೇಳುತ್ತದೆ, ಅಮ್ಮ, ನಾನು ಊಟ ಮಾಡಬಹುದಾ, ನೀವು ಪ್ರಾರ್ಥನೆ ಮಾಡಿ ಆಯಿತಾ — ನೀವು, ಹೋಗುವಾಗ ನೀನು ಎಂದು ಸೆರಗು ಜಗ್ಗುತ್ತಿದ್ದ ಮಗು. ಅದೇ ಸಂದೇಶ ಈಗ ಮುಂದಿನ ಬೆಂಚಿನಲ್ಲಿ ಇಸ್ತ್ರಿ ಅಂಗಿ ಹಾಕಿ ಕೂತಿದ್ದಾನೆ, ಹೆಂಡತಿಯ ಜೊತೆ ಒಡಿಶಾದ ಕಡೆ ಮಿಶನ್ ಸೇವೆಗೆ ಹೊರಟಿದ್ದಾನೆ, ಮಗಳು ಶ್ರೇಯಾಳನ್ನು ಅದೇ ಬೋರ್ಡಿಂಗಿಗೆ ಬಿಡುತ್ತಾನಂತೆ, ನಾನು ನೋಡಿಕೊಳ್ತೇನೆ, ನನ್ನ ಹತ್ತಿರ ಇರಲಿ ಎಂದು ತಾನು ಎಷ್ಟು ಸಲ ಹೇಳಿದಳೋ, ನೀವು ಮುದ್ದು ಮಾಡಿ ಹಾಳು ಮಾಡ್ತೀರಿ ಅಮ್ಮ ಎಂದ, ಸೊಸೆ ಹರಿಣಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದಳು, ಇನ್ನೊಬ್ಬಳು ದೊರೆಸಾನಿ.

ಏನೆಂದರು — ಹೆಸರು ಕರೆದರಲ್ಲ, ಶ್ರೇಯಾ ಪೀಠದ ಮೆಟ್ಟಿಲ ಮೇಲೆ ನಿಂತಾಗಿದೆ, ಹೊಸ ಬಿಳಿ ಫ್ರಾಕು, ದೊರೆಸಾನಿ ಮಕ್ಕಳನ್ನು ಕೊಟ್ಟ ಹಾಗೆ ನಮ್ಮ ಮನೆಯವರೂ ಈ ಮಗುವನ್ನು ಕೊಡ್ತಾರೆ, ಸಮರ್ಪಣೆಯ ಪ್ರಾರ್ಥನೆ ಅಜ್ಜಿಯೇ ಮಾಡ್ತಾರೆ ಎನ್ನುತ್ತಿದ್ದಾರೆ ಗಂಡ, ಮನೆಯಲ್ಲಿ ಒಂದು ಮಾತು ಹೇಳದೆ, ಇಡೀ ಸಭೆಯ ಎದುರು, ಇಲ್ಲ ಎನ್ನಲಾರಳು ಎಂಬ ಧೈರ್ಯ. ಹೋದಳು. ಮೈಕು ಹಿಡಿದಳು, ತಲೆಗಳೆಲ್ಲ ಬಾಗಿದವು, ಕರ್ತನೇ ಎಂದಳು, ತನ್ನ ಸ್ವರ ಗೋಡೆಗೆ ಬಡಿದು ವಾಪಸು ಬಂತು, ಕರ್ತನೇ, ಒಂದು ಮಗುವನ್ನು ನನ್ನನ್ನು ಕೇಳದೆ ತೆಗೆದುಕೊಂಡು ಹೋದರು, ಇದನ್ನು ನಾನು ಕೊಡುವುದಿಲ್ಲ. ಹಿಂದಿನ ಬೆಂಚಿನಿಂದ ಮುದುಕಿ ಪೂವಮ್ಮ ಅಭ್ಯಾಸಬಲದಿಂದ ಆಮೆನ್ ಎಂದುಬಿಟ್ಟಳು. ಗಂಡನ ಅಂಗೈ ಮೈಕಿನ ಮೇಲೆ ಬಿತ್ತು, ತಲೆ ಸರಿ ಉಂಟಾ ನಿನಗೆ ಎಂದರು, ಈಗ ಸರಿಯಾಯಿತು ಎಂದು ಅವರ ಮುಖ ನೋಡಿಯೇ ಹೇಳಿದಳು, ಮಗುವಿನ ಕೈ ಹಿಡಿದಳು, ಬೆಂಚುಗಳ ನಡುವೆ ನಡೆದಳು, ಬೀಸಣಿಗೆ ನಿಲ್ಲಿಸಿ ನೋಡುವವರು ನೋಡಲಿ, ಇದುವರೆಗೆ ತನ್ನ ಹಾಡು ಮಾತ್ರ ಕೇಳಿದವರು.

ಅಂಗಳದಲ್ಲಿ ಸುಡುವ ಬಿಸಿಲು, ಹಿಂದೆಯೇ ಸಂದೇಶ ಬಂದ, ಬೈಯುತ್ತಾನೆ ಎಂದುಕೊಂಡಳು, ಬೈದರೆ ಚೆನ್ನಾಗಿತ್ತು, ಒಂದು ಸಲವಾದರೂ ಕೂಗಾಡು ಮಗಾ, ಯಾಕೆ ಕಳುಹಿಸಿದೆ ನನ್ನನ್ನು ಎಂದು ಕೇಳು, ಅವನು ಮೆತ್ತಗೆ ಕೇಳಿದ, ಅಮ್ಮ, ನಾನೂ ಅಲ್ಲಿಯೇ ಬೆಳೆದದ್ದಲ್ಲವಾ, ನನಗೆ ಏನಾಗಿದೆ ಹೇಳಿ. ಏನಾಗಿದೆ — ಎರಡೂ ಪಾದ ಜೋಡಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಾನೆ ಇವನು, ಹೆತ್ತವಳ ಎದುರು, ಬೋರ್ಡಿಂಗಿನ ಸಾಲಿನಲ್ಲಿ ನಿಂತ ಹಾಗೆ, ಗಡ್ಡ ನೆರೆಯುತ್ತಿದೆ, ಇನ್ನೂ ಯಾರೂ ಸಾಲು ಬಿಟ್ಟು ಹೋಗು ಎಂದಿಲ್ಲ ಇವನಿಗೆ, ಇದನ್ನು ಹೇಗೆ ಹೇಳುವುದು, ಯಾವ ಭಾಷೆಯಲ್ಲಿ ಹೇಳುವುದು, ಬಾ ಮಗಾ, ಮನೆಗೆ ಹೋಗುವ ಎಂದು ಶ್ರೇಯಾಳ ಕೈ ಜಗ್ಗಿದಳು, ಮಗು ಅಪ್ಪನನ್ನು ನೋಡಿತು, ಅವನ ಪಾದಗಳನ್ನು ನೋಡಿತು, ತನ್ನ ಪಾದ ಜೋಡಿಸಿತು, ಬೆವೆತ ಸಣ್ಣ ಕೈ ಅವಳ ಮುಷ್ಟಿಯಿಂದ ಮೆಲ್ಲಗೆ ಜಾರಿ ಬೆನ್ನ ಹಿಂದೆ ಹೋಯಿತು, ಇನ್ನೊಂದು ಕೈಯೂ ಹೋಯಿತು, ಯಾರು ಕಲಿಸಿದರು, ಯಾವಾಗ ಕಲಿಸಿದರು, ಬೆನ್ನ ಹಿಂದೆ, ಬಿಳಿ ಫ್ರಾಕಿನ ಬೆನ್ನ ಹಿಂದೆ, ಒಂದರೊಳಗೊಂದು ಸಿಕ್ಕಿಕೊಂಡ ಆ ಎರಡು ಕೈ — ಆ ಎರಡು ಸಣ್ಣ ಕೈ —